ಮುಂದಿನ ಕೋಣೆಯ ಕೀಲಿಕೈ

ಹೊನ್ನೂರಸ್ವಾಮಿ ಅಣ್ಣನವರಿಗೆ, ಸಿರುಗುಪ್ಪದ ನಿಮ್ಮ ಬಾಡಿಗೆ ಮನೆಯಿಂದ ನಮಸ್ಕಾರ.

ಆಂಧ್ರದ ಕಡೆ ಚಂಡಮಾರುತ ಎದ್ದಿದೆಯಂತೆ, ಶುಕ್ರವಾರದಿಂದ ಇಲ್ಲೂ ಜೋರು ಮಳೆ ಎನ್ನುತ್ತಿದ್ದಾರೆ. ತಗಡಿನ ಮೇಲೆ ಕಲ್ಲು ಹೇರಿದ್ದೇನೆ, ಅಕ್ಕಿಯನ್ನು ಅಟ್ಟಕ್ಕೆ ಏರಿಸಿದ್ದೇನೆ. ಆದರೆ ಹಿಂದಿನ ಮಣ್ಣಿನ ಗೋಡೆಯ ಬಿರುಕಿನಲ್ಲಿ ಈಗ ಕೈ ತೂರುತ್ತದೆ. ಲಕ್ವ ಹೊಡೆದ ನಮ್ಮ ಯಜಮಾನರನ್ನು ನಾನೊಬ್ಬಳೇ ಎತ್ತಲಾರೆ.

"ಗ್ವಾಡಿ ಬಿದ್ರ ನೀ ಓಡಿ ಹೋಗು, ನನ್ನ ನೋಡಬ್ಯಾಡ" ಅನ್ನುತ್ತಾರೆ.

ಖಾಲಿ ಇರುವ ಮುಂದಿನ ಕೋಣೆಯನ್ನು ಮಳೆ ನಿಲ್ಲುವವರೆಗೆ ಕೊಡಿ ಎಂದು ಫೋನಿನಲ್ಲಿ ಕೇಳಿದ್ದೆ. "ನೋಡೋಣ ಬಿಡಮ್ಮ" ಎಂದಿರಿ. ಆಮೇಲೆ ಫೋನ್ ಎತ್ತಲಿಲ್ಲ. ಪಕ್ಕದ ಮನೆಯ ಸರೋಜಾ ಈ ಕಾಗದ ಹಿಡಿದು ಬಳ್ಳಾರಿಯ ನಿಮ್ಮ ಮನೆಗೆ ಬರುತ್ತಿದ್ದಾಳೆ. ದಯವಿಟ್ಟು ಅವಳ ಕೈಯಲ್ಲಿ ಕೀಲಿಕೈ ಕಳಿಸಿ.

ಕೀಲಿಕೈ ಬಂದೇ ಬರುತ್ತದೆ ಎಂದು ಇವರಿಗೆ ಹೇಳಿದ್ದೇನೆ, ನನಗೆ ನಂಬಿಕೆಯಿಲ್ಲ. ಇವರ ಮಂಚವನ್ನು ಬಾಗಿಲ ಬಳಿಗೆ ಎಳೆದು, ಬಿರುಕು ಬಿಟ್ಟ ಗೋಡೆಯ ಪಕ್ಕ ನನ್ನ ಚಾಪೆ ಹಾಸಿಕೊಂಡಿದ್ದೇನೆ.

ಹಿಂದಿನ ಕೋಣೆಯ
ಜಡೆಮ್ಮ