ವ್ಯಾನಿನಲ್ಲಿ ಕೂರುವ ಅಪ್ಪ

ಮಾಂಗೆರೆ
ಬುಧವಾರ ಮಧ್ಯಾಹ್ನ

ಗೌರವದ ಉಂಗಾತೆಯಾ ಅತ್ತೆಯವರಿಗೆ,

ಕ್ಷಮಿಸಿ. ನಿಮಗೆ ಕಾಗದ ಬರೆಯುವಷ್ಟು ದೊಡ್ಡವಳು ನಾನಲ್ಲ. ಅಪ್ಪನ ಅಕ್ಕನಿಗೆ ಅಪ್ಪನ ಮೇಲೆಯೇ ದೂರು ಬರೆದ ಹುಡುಗಿ ನಮ್ಮ ಮನೆತನದಲ್ಲಿ ಹಿಂದೆ ಯಾರಾದರೂ ಇದ್ದಳೋ ಇಲ್ಲವೋ. ಇದ್ದಿದ್ದರೆ ಹೇಗೆ ಶುರು ಮಾಡಿದೆ ಎಂದು ಅವಳನ್ನೇ ಕೇಳುತ್ತಿದ್ದೆ. ಮೂರು ಹಾಳೆ ಹರಿದು ಇದು ನಾಲ್ಕನೆಯದು. ಫೋನ್ ಮಾಡೋಣವೆಂದರೆ ನಿಮ್ಮ ಫೋನ್ ಎತ್ತುವುದು ಯಾವಾಗಲೂ ಬೇರೆ ಯಾರೋ. ಎತ್ತಿದವರು ಸ್ಪೀಕರ್ ಹಾಕುತ್ತಾರೆ, ಆಮೇಲೆ ಮನೆಮಂದಿಯೆಲ್ಲ ಮಾತಿಗೆ ಬರುತ್ತಾರೆ. ಅದಕ್ಕೇ ಈ ಕಾಗದವನ್ನು ಚರ್ಚಿನ ಆಹಾರದ ಡಬ್ಬ ಹಂಚುವ ಮಾತೆಲಿತಾ ಕೈಲಿ ಕಳಿಸುತ್ತಿದ್ದೇನೆ. ಒಳಗೇನಿದೆ ಎಂದು ಅವರಿಗೆ ಹೇಳಿಲ್ಲ. ದಯವಿಟ್ಟು ಒಬ್ಬರೇ ಕೂತು ಓದಿ.

ಸುತ್ತಿ ಬಳಸಿ ಹೇಳಿದರೆ ನನಗೆ ಧೈರ್ಯ ಉಳಿಯುವುದಿಲ್ಲ. ಭಾನುವಾರ ಸಂಜೆ ಅಪ್ಪ ನನ್ನ ತಂಗಿ ಸಿಯಾಲೆಗೆ ಹೊಡೆದ. ಅವಳಿಗಿನ್ನೂ ಆರು ವರ್ಷ, ಅತ್ತೆ. ಹೊಡೆತಕ್ಕೆ ಅವಳು ವ್ಯಾನಿನ ಬಾಗಿಲಿಗೆ ಹೋಗಿ ಬಿದ್ದಳು. ಎಡತೋಳು ಮೊಣಕೈಯಿಂದ ಮೇಲೆ ಊದಿಕೊಂಡು, ಈಗ ನೇರಳೆ ಬಣ್ಣಕ್ಕೆ ತಿರುಗಿದೆ. ಬೆರಳು ಆಡಿಸುತ್ತಾಳೆ, ಕೈ ಎತ್ತುತ್ತಾಳೆ. ಆರೋಗ್ಯ ಸಹಾಯವಾಣಿಯಲ್ಲಿ ನರ್ಸು ಹೇಗಾಯಿತು ಎಂದು ಕೇಳಿದರು. ಹಿತ್ತಲಲ್ಲಿ ಆಡುತ್ತಾ ಬಿದ್ದಳು ಎಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ಎಷ್ಟು ಸರಾಗವಾಗಿ ಬಂತೆಂದರೆ, ಅವರು ಎರಡನೆಯ ಪ್ರಶ್ನೆ ಕೇಳಲಿಲ್ಲ.

ಇದು ಒಂದು ದಿನದ್ದಲ್ಲ. ಅಮ್ಮ ಜೂನ್ ತಿಂಗಳಲ್ಲಿ ತನ್ನ ತಾಯಿಯ ಕೊನೆಗಾಲಕ್ಕೆಂದು ಇಂಗ್ಲೆಂಡಿಗೆ ಹೋದದ್ದು ನಿಮಗೆ ಗೊತ್ತು. ಅಜ್ಜಿಯ ಮಣ್ಣು ಮುಗಿದು ಎಷ್ಟು ದಿನವಾಯಿತು! ವಾಪಸು ಬರಲು ಕ್ವಾರಂಟೈನ್ ಕೋಣೆ ಸಿಗಬೇಕು, ಕೋಣೆಗೆ ಲಾಟರಿ. ಮೊನ್ನೆಯ ಸರದಿಯಲ್ಲಿ ಅಮ್ಮನ ಮುಂದೆ ಹದಿನಾಲ್ಕು ಸಾವಿರ ಜನ ಇದ್ದರು. ಅಪ್ಪನಿಗೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತುವ ಕೆಲಸ, ಅದು ಹೋದ ವರ್ಷವೇ ಅರ್ಧ ಪಾಳಿಗೆ ಇಳಿದಿತ್ತು, ಈಗ ಪೂರ್ತಿ ನಿಂತಿದೆ. ಲಾಕ್‌ಡೌನ್ ಶುರುವಾದಾಗ ನಾನು ಕಾಲೇಜಿನಿಂದ ಬಂದು ಸೇರಿಕೊಂಡೆ. ಐದು ವಾರದಿಂದ ಮೂವರೂ ಈ ಎರಡು ಕೋಣೆಯಲ್ಲಿ ಇದ್ದೇವೆ.

ಮೊದಲ ವಾರ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಅಪ್ಪ ಕೆಸುವಿನೆಲೆಗೆ ತೆಂಗಿನ ಹಾಲು, ಡಬ್ಬದ ಮಾಂಸ ಹಾಕಿ ಸುತ್ತಿ ಬೇಯಿಸುತ್ತಿದ್ದ. ನಾನು ಪಾತ್ರೆ ತೊಳೆಯುವುದನ್ನು ನೋಡಿ, “ಏನ್ ಮೇಡಮ್, ಹಾಸ್ಟೆಲ್‌ನಲ್ಲಿ ಹೀಗೇನಾ ಹೇಳ್ಕೊಟ್ಟಿದ್ದು? ಅರ್ಧ ಇಂಗ್ಲಿಷು, ಅರ್ಧ ನೊರೆ!” ಎಂದು ನಗುತ್ತಿದ್ದ. ಸಿಯಾಲೆ ಅದನ್ನೇ ಹಾಡು ಮಾಡಿಕೊಂಡು ಮನೆಯೆಲ್ಲ ಕುಣಿದಳು. ಎರಡನೆಯ ವಾರ ಹಾಡು ಕೇಳಿದರೆ ಅಪ್ಪ ರೇಗತೊಡಗಿದ. ಮೂರನೆಯ ವಾರ ಚಪ್ಪಲಿ ಕೈಗೆ ಬಂತು. ಹಾಲು ಚೆಲ್ಲಿದ್ದಕ್ಕೆ ಒಂದು ಏಟು, ಸ್ಕೂಲಿನ ಹಾಳೆ ತುಂಬದ್ದಕ್ಕೆ ಎರಡು. ನಾನು ನನ್ನ ಕೋಣೆಯಲ್ಲಿ ಆನ್‌ಲೈನ್ ಲೆಕ್ಚರಿನ ಸದ್ದು ಜೋರು ಮಾಡಿಕೊಂಡು ಕೂತಿದ್ದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಸದ್ದು ಜೋರು ಮಾಡಿದ್ದು ನಾನೇ.

ಮಾತೆಲಿತಾ ಡಬ್ಬ ತಂದರೆ ಅಪ್ಪ ಬಾಗಿಲಿಗೆ ಬರುವುದಿಲ್ಲ. ಅವರು ಗೇಟಿನಲ್ಲೇ ನಿಂತು, “ಏನೇ ಹುಡುಗಿ, ನಿಮ್ಮಪ್ಪ ಹೊರಗ್ ಬಂದು ಒಂದು ಕೆಸುವಿನ ಗೆಡ್ಡೆ ಇಸ್ಕೊಂಡ್ರೆ ಮೀಸೆ ಉದುರಿ ಹೋಗುತ್ತಾ?” ಎಂದು ಬೀದಿಗೇ ಕೇಳುವಂತೆ ಕೂಗುತ್ತಾರೆ. ಅವರದು ತಮಾಷೆ. ಅಪ್ಪ ಒಳಗೆ ಗೋಡೆಗೆ ಮುಖ ಮಾಡಿ ನಿಂತಿರುತ್ತಾನೆ. ಚರ್ಚಿನ ಹಬ್ಬಕ್ಕೆ ಹಂದಿ ಕೊಡುತ್ತಿದ್ದವನು ಈಗ ದಾನದ ಡಬ್ಬ ತಿನ್ನುತ್ತಿದ್ದಾನೆ, ಅತ್ತೆ. ಆ ದಿನಗಳಲ್ಲೇ ಏಟು ಹೆಚ್ಚು.

ಅಂಥ ಹೊತ್ತಿನಲ್ಲಿ ಅಪ್ಪ ಹೋಗಿ ಮನೆ ಮುಂದೆ ನಿಲ್ಲಿಸಿದ ವ್ಯಾನಿನಲ್ಲಿ ಕೂರುತ್ತಾನೆ. ಎಂಜಿನ್ ಹಾಕುವುದಿಲ್ಲ, ರೇಡಿಯೊ ಹಾಕುವುದಿಲ್ಲ, ಬಾಗಿಲು ಎಳೆದುಕೊಂಡು ಸುಮ್ಮನೆ ಕೂರುತ್ತಾನೆ. ನಾನು ಅದನ್ನು ಮುನಿಸು ಅಂದುಕೊಂಡಿದ್ದೆ. ಹನ್ನೊಂದು ವರ್ಷಕ್ಕೇ ಹಾಸ್ಟೆಲ್ ಸೇರಿದವಳಿಗೆ ಅಪ್ಪಂದಿರ ಮುಖ ಓದಲು ಯಾರು ಕಲಿಸುತ್ತಾರೆ? ಭಾನುವಾರ ಆರು ಗಂಟೆಗೆ ಚರ್ಚಿನ ಪ್ರಾರ್ಥನೆ ಪರದೆಯ ಮೇಲೆ ಶುರುವಾಗುವುದರಲ್ಲಿತ್ತು, ಅಪ್ಪ ವ್ಯಾನಿನಲ್ಲಿದ್ದ. ಅವನು ಪರದೆಯಲ್ಲಿ ಕಾಣದಿದ್ದರೆ ನಾಳೆ ಹತ್ತು ಜನ ಕೇಳುತ್ತಾರಲ್ಲ ಎಂದು ನನಗೆ ದಿಗಿಲು. “ಸಿಯಾಲೆ, ಹೋಗಿ ಅಪ್ಪನ್ನ ಕರ್ಕೊಂಡ್ ಬಾ. ಹಿಂದಿನಿಂದ ಹೋಗಿ ಮೆತ್ತಗೆ ಕಣ್ಣು ಮುಚ್ಚು, ಅಮ್ಮ ಮಾಡ್ತಾಳಲ್ಲ ಹಾಗೆ. ನಗ್ತಾನೆ ನೋಡು,” ಎಂದೆ.

ಅಮ್ಮ ಅವನ ಹೆಂಡತಿ, ಜೊತೆಗೆ ನಮ್ಮ ದ್ವೀಪದವಳಲ್ಲ, ಹೊರಗಿನವಳು. ಅವಳು ಅವನ ಮುಖ ಮುಚ್ಚಬಹುದು, ಕೂದಲು ಕೆದರಬಹುದು. ನಮ್ಮವರಲ್ಲಿ ಅಪ್ಪನ ತಲೆಯನ್ನು ಮಕ್ಕಳು ಮುಟ್ಟಬಾರದು, ಅವನ ಲೋಟದಲ್ಲಿ ಕುಡಿಯಬಾರದು ಎಂಬುದು ನನಗೆ ಪಾಠದಂತೆ ಗೊತ್ತಿತ್ತು. ಆದರೆ ಮೈಯಲ್ಲಿ ಇಳಿದಿರಲಿಲ್ಲ. ಸಿಯಾಲೆಗಂತೂ ಯಾರೂ ಹೇಳಿಯೇ ಇರಲಿಲ್ಲ. ಅವಳು ಹಿಂದಿನ ಸೀಟು ಹತ್ತಿ ಎರಡೂ ಕೈಯಿಂದ ಅವನ ತಲೆ ಹಿಡಿದಳು. ನಾನು ಕಿಟಕಿಯಲ್ಲಿ ನಗುತ್ತಾ ನಿಂತಿದ್ದೆ. ಏಟಿನ ಸದ್ದು ಕೇಳಿದಾಗಲೂ ಅರೆಗಳಿಗೆ ನನ್ನ ನಗು ಹಾಗೇ ಇತ್ತು.

ಆಮೇಲೆ ಅವಳನ್ನು ಎತ್ತಿಕೊಂಡು ಬಂದವನೂ ಅವನೇ. ಫ್ರೀಜರಿನ ಬಟಾಣಿ ಚೀಲ ತೋಳಿಗೆ ಒತ್ತಿ ಹಿಡಿದವನೂ ಅವನೇ. ಅವಳು ಜೋರಾಗಿ ಅಳಲಿಲ್ಲ. “ಇನ್ಮೇಲೆ ಮುಟ್ಟಲ್ಲ ಅಪ್ಪ, ಇನ್ಮೇಲೆ ಮುಟ್ಟಲ್ಲ,” ಎನ್ನುತ್ತಲೇ ನಿದ್ದೆ ಹೋದಳು. ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದ: “ಕೈ ಬಿಸಿ ಆದಾಗ ಅಲ್ಲಿ ಹೋಗಿ ಕೂರ್ತೀನಿ ಕಣೆ. ಆರೋ ತನಕ ಕೂರ್ತೀನಿ. ಅದಕ್ಕೇ ಬಾಗಿಲು ಹಾಕ್ಕೊಳ್ಳೋದು. ಅಲ್ಲಿಗ್ಯಾಕೆ ಕಳ್ಸಿದೆ ಅವಳನ್ನ?”

ಹೊಡೆದದ್ದು ಅವನ ಕೈ, ಅದು ನನಗೆ ಗೊತ್ತು. ಆರು ವರ್ಷದ ಮಗುವಿನ ತಪ್ಪೂ ಅಲ್ಲ, ತಲೆ ಮುಟ್ಟಿದ್ದರ ತಪ್ಪೂ ಅಲ್ಲ. ಆದರೆ ಒಬ್ಬ ಮನುಷ್ಯ ತನ್ನ ಕೈಯನ್ನು ತಾನೇ ಹಿಡಿದಿಟ್ಟುಕೊಳ್ಳಲು ಇಷ್ಟು ದಿನ ಒಂಟಿಯಾಗಿ ಒದ್ದಾಡುತ್ತಿದ್ದನಲ್ಲ, ಒಂದೇ ಮನೆಯಲ್ಲಿದ್ದ ನನಗೆ ಅದು ಕಾಣಲಿಲ್ಲ.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಪೊಲೀಸರಿಗೆ ಹೇಳಬೇಡ ಎನ್ನಲಿಲ್ಲ. ಪಾದ್ರಿಗೆ ಹೇಳಬೇಡ, ಅಮ್ಮನಿಗೆ ಹೇಳಬೇಡ ಎನ್ನಲಿಲ್ಲ. “ನಿಮ್ಮ ಅತ್ತೆಗೆ ಮಾತ್ರ ಹೇಳ್ಬೇಡ,” ಎಂದ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಅಪ್ಪನ ಅಕ್ಕನೆಂದು ಮದುವೆಯಲ್ಲಿ, ಸಾವಿನಲ್ಲಿ ಎಲ್ಲರಿಗಿಂತ ಮೇಲಿನ ಚಾಪೆ ನಿಮಗೆ ಹಾಕುತ್ತಾರೆ. ನೀವು ಮನೆಯೊಳಗೆ ಬಂದರೆ ಅಪ್ಪ ಮರ್ಯಾದೆಗೆ ಟಿವಿ ಆರಿಸಿ ಎದ್ದು ಹೊರಗೆ ಹೋಗುತ್ತಾನೆ. ನಿಮ್ಮೆದುರು ಅವನು ಒಂದು ಪೋಲಿ ಮಾತು ಆಡಿದ್ದನ್ನು ನಾನು ಕಂಡಿಲ್ಲ. ಅವನ ಮಕ್ಕಳ ಮೇಲೆ ಅವನಿಗಿಂತ ನಿಮ್ಮ ಮಾತು ದೊಡ್ಡದು. ನನ್ನ ಅಮ್ಮನ ದೇಶದಲ್ಲಿ ಇಂಥ ಅತ್ತೆ ಯಾರಿಗೂ ಇಲ್ಲ.

ಆದರೆ ನನಗೆ ಭಯವೂ ಇದೆ, ಹೇಳಿಬಿಡುತ್ತೇನೆ. ನನಗೆ ಒಂಬತ್ತು ವರ್ಷವಿದ್ದಾಗ ನಿಮ್ಮ ಮನೆಯಲ್ಲಿ ತೆಂಗಿನಕಡ್ಡಿ ಪೊರಕೆಯಿಂದ ನನ್ನ ಕಾಲಿಗೆ ಬಾರಿಸಿ, “ಹೊಡೀದೆ ಬೆಳೆಸಿದ ಮಗು ಉಪ್ಪು ಹಾಕದ ಮೀನು ಕಣೆ, ಸಂಜೆಗೇ ನಾರುತ್ತೆ,” ಎಂದಿದ್ದಿರಿ. ಎಲ್ಲರೂ ನಕ್ಕರು. ಬಾಗಿಲಾಚೆ ಕೂತಿದ್ದ ಅಪ್ಪನೂ ನಕ್ಕ, ಆದರೆ ಅವನ ಕೈ ತನ್ನ ಮೊಣಕಾಲು ಸವರುತ್ತಿತ್ತು. ನಿಮ್ಮ ಅಮ್ಮ ಸತ್ತ ಮೇಲೆ ಅವನನ್ನು ಬೆಳೆಸಿದವರು ನೀವೇ ಅಲ್ಲವೇ? ನಿಮ್ಮ ಹದಿನಾರನೆಯ ವಯಸ್ಸಿಗೆ ಐವರು ತಮ್ಮಂದಿರು. ನಿಮಗೆ ಆಗ ಹೋಗಿ ಕೂರಲು ಒಂದು ವ್ಯಾನೂ ಇರಲಿಲ್ಲ. ದೂರುತ್ತಿಲ್ಲ, ಅತ್ತೆ. ಈ ಕೈ ಬಿಸಿಯಾಗುವುದು ಏನು ಎಂದು ನಮ್ಮ ಮನೆತನದಲ್ಲಿ ನಿಮಗಿಂತ ಚೆನ್ನಾಗಿ ಬಲ್ಲವರು ಬೇರೆ ಇಲ್ಲ, ಅಷ್ಟೇ. ಹೊಡೆಯಬೇಡ ಎಂದು ಬೇರೆ ಯಾರು ಹೇಳಿದರೂ ಅಪ್ಪ ತಲೆ ಆಡಿಸಿ ಮರೆಯುತ್ತಾನೆ. ನೀವು ಹೇಳಿದರೆ, ಅವನನ್ನು ಹೊಡೆದು ಬೆಳೆಸಿದ ಕೈಯೇ ಸಾಕು ಎಂದ ಹಾಗೆ. ಅದನ್ನು ಅವನು ದಾಟುವುದಿಲ್ಲ.

ನಿನ್ನೆ ನಡುರಾತ್ರಿಯಿಂದ ನಿಯಮ ಸ್ವಲ್ಪ ಸಡಿಲವಾಗಿದೆ. ಮಕ್ಕಳನ್ನು ನೋಡಿಕೊಳ್ಳಲು ಹತ್ತಿರದ ಬಂಧುವೊಬ್ಬರು ಮನೆಗೆ ಸೇರಿಕೊಳ್ಳಬಹುದು. ನೀವು ಓಟಾಹುಹುವಿನ ನಿಮ್ಮ ಮನೆಯಿಂದ ಇಲ್ಲಿಗೆ ಬರುವುದು ಈಗ ತಪ್ಪಲ್ಲ. ನೀವು ಬಂದರೆ ಅಪ್ಪ ತಾನಾಗಿ ಗ್ಯಾರೇಜಿಗೆ ಹೋಗಿ ಮಲಗುತ್ತಾನೆ, ಅಕ್ಕ ಇರುವ ಸೂರಿನಡಿ ತಮ್ಮ ಮಲಗಬಾರದಲ್ಲ. ಸಿಯಾಲೆಗೂ ಅವನಿಗೂ ನಡುವೆ ಒಂದು ಗೋಡೆ ಬರುತ್ತದೆ. ಅವನಿಗೆ ಬೈಯಬೇಡಿ ಎನ್ನುತ್ತಿಲ್ಲ. ಬೈದ ಮೇಲೆ ಊಟ ಕಳಿಸಿ, ನಿದ್ದೆ ಮಾಡಲು ಬಿಡಿ. ಅವನು ಸರಿಯಾಗಿ ನಿದ್ದೆ ಮಾಡಿ ವಾರಗಳಾದವು. ಮಗುವನ್ನು ದಿನಕ್ಕೆ ನಾಲ್ಕು ಗಂಟೆ ನೀವು ಹಿಡಿಯಿರಿ, ಉಳಿದದ್ದು ನಾನು. ನನ್ನ ಪರೀಕ್ಷೆ ಹೋದರೆ ಹೋಗಲಿ.

ನೀವು ಬರಲಾಗದಿದ್ದರೆ ನಾನು ಶುಕ್ರವಾರ ಮಕ್ಕಳ ರಕ್ಷಣೆಯವರಿಗೆ ಫೋನ್ ಮಾಡಿ ನಿಜ ಹೇಳುತ್ತೇನೆ. ಬೆದರಿಕೆ ಅಲ್ಲ, ಅತ್ತೆ. ಅವರು ಅವಳನ್ನು ಕರೆದುಕೊಂಡು ಹೋಗಬಹುದು, ಅಮ್ಮ ಬರುವ ಹೊತ್ತಿಗೆ ಅವಳು ಯಾರ ಮನೆಯಲ್ಲಿರುತ್ತಾಳೋ. ಅಪ್ಪ ನನ್ನ ಜೊತೆ ಮತ್ತೆಂದೂ ಮಾತಾಡದೆ ಇರಬಹುದು. ಎರಡನ್ನೂ ಯೋಚಿಸಿದ್ದೇನೆ. ಆದರೆ ಇನ್ನೊಂದು ಸಲ ಆ ನರ್ಸಿಗೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ.

ದೇವರು ನಿಮ್ಮ ಮನೆಯ ಎಲ್ಲರ ಉಸಿರನ್ನು ಕಾಯಲಿ. ಕಾಗದದಲ್ಲಿ ಹೆಚ್ಚುಕಮ್ಮಿ ಬರೆದಿದ್ದರೆ ನಿಮ್ಮ ಕಾಲ ಬಳಿ ಕೂತು ಬೈಗುಳ ಕೇಳಲು ನಾನು ಸಿದ್ಧ.

ನಿಮ್ಮ ತಮ್ಮ ಮೋಸೆಸೆಯ ದೊಡ್ಡ ಮಗಳು,
ಲೆಸಿಯೆಲಿ

ಮಾತೆಲಿತಾ ನಾಳೆ ಬೆಳಿಗ್ಗೆ ನಿಮ್ಮ ಗೇಟಿನ ಬಳಿ ಉತ್ತರಕ್ಕೆ ಕಾಯುತ್ತಾರೆ. ಬರುತ್ತೇನೆ ಅಥವಾ ಬರುವುದಿಲ್ಲ, ಒಂದೇ ಸಾಲು ಸಾಕು. ದಯವಿಟ್ಟು ಬೇಗ ಬರೆಯಿರಿ.