ಉಪ್ಪಿನ ಭರಣಿಗೆ ಹಚ್ಚಿದ್ದು ತತ್ತಿಯಲ್ಲ

ಪ್ರೀತಿಯ ಕೃಷ್ಣಾ ಮೌಶಿಗೆ,

ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ, ಆಮೇಲೆ ಬೈಯುತ್ತೇನೆ. ನಮ್ಮ ಉಪ್ಪಿನ ಭರಣಿಗೆ ನೀನು ಹಚ್ಚಿದ್ದು ತತ್ತಿಯಲ್ಲ. ನಿನಗೆ ಅದು ಗೊತ್ತೇ ಇತ್ತು. ನಮಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅತ್ತೆಯ ಜೀವ ಅರ್ಧ ಇಳಿದುಹೋಗಿತ್ತು, ನನ್ನ ಜೀವ ಬಾಯಿಗೆ ಬಂದಿತ್ತು. ಹೋಗುವ ಮೊದಲು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಮೌಶಿ?

ಭರಣಿ ಒಡೆದು ಎಷ್ಟೋ ವರ್ಷವಾಯಿತು, ಆದರೂ ಆ ದಿನ ನಿನಗೆ ನೆನಪಿರಬೇಕು. ನೀನು ಖಾನಾಪುರದಿಂದ ಬೆಳಗಾಂವಿ ಪೇಟೆಗೆ ಬಂದವಳು ನನ್ನನ್ನೂ ನೋಡಿಕೊಂಡು ಹೋಗೋಣವೆಂದು ನಮ್ಮ ಮನೆಗೆ ಬಂದಿದ್ದೆ. ಅದೇ ಹೊತ್ತಿಗೆ ಬೆಕ್ಕು ನಾಗಂದಿಗೆ ಮೇಲಿಂದ ಹಾರಿ ಭರಣಿ ಉರುಳಿಸಿತು. ಅತ್ತೆ ತಮ್ಮ ತವರಿನಿಂದ ತಂದ ಚೀನಿ ಪಿಂಗಾಣಿಯ ಭರಣಿ ಅದು, ಮನೆಯ ಉಪ್ಪೆಲ್ಲ ಅದರಲ್ಲೇ. ಅತ್ತೆ ಹೋಳುಗಳ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ನೀನು ಪಡಸಾಲೆಯಿಂದಲೇ, "ಯಾಕ ಅಳ್ತೀರಿ ಬಾಯಾರ, ಮುರದೈತಿ ಅಷ್ಟ, ಕಳದಿಲ್ಲಲ್ಲ. ಇಲ್ಲಿ ಕೊಡ್ರಿ" ಅಂದೆ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಹೋಳುಗಳನ್ನಿಟ್ಟುಕೊಂಡು ರೈಲು ಹತ್ತಿದೆ. ಮುಂದಿನ ಸಂತೆಗೆ ಬರುವಾಗ ಭರಣಿ ಇಡಿಯಾಗಿ ಬಂತು, ಕುತ್ತಿಗೆಯಿಂದ ಹೊಟ್ಟೆಯವರೆಗೆ ಸಣ್ಣ ಗೆರೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಏನು ಹಚ್ಚಿದೆ ಅಂತ ನಾವು ಕೇಳಲಿಲ್ಲ, ನೀನೂ ಹೇಳಲಿಲ್ಲ.

ನಿನ್ನ ಹಿತ್ತಲು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಖಾನಾಪುರದಲ್ಲಿ ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಒಂದು ಮೋಟುಗೋಡೆ, ಆ ಸಲುಗೆಗೇ ನೀನು ನನಗೆ ಮೌಶಿ. ನಿಮ್ಮ ಮನೆಯವರು, ನನ್ನ ಕಾಕಾ, ಬಾಗಿಲು, ಪೆಟ್ಟಿಗೆ ಮಾಡುತ್ತಿದ್ದರೆ, ಊರವರು ತಂದ ಮುರುಕಲು ಸಾಮಾನೆಲ್ಲ ನಿನ್ನ ಪಾಲಿಗೆ. ಹಲ್ಲಿಗೆ ಹೊಗೆಸೊಪ್ಪಿನ ಮಿಶ್ರಿ ತಿಕ್ಕುತ್ತ ಕೂತು, ಯಾವುದಕ್ಕೆ ಯಾವ ಅಂಟು ಅಂತ ನೀನು ಒಂದು ನೋಟಕ್ಕೆ ಹೇಳುತ್ತಿದ್ದೆ. ಕಟ್ಟಿಗೆಗೆ ತೊಗಲು ಕುದಿಸಿದ ಸರೇಸು, ಕಾಗದಕ್ಕೆ ಮೈದಾದ ಖಳಿ, ಬಟ್ಟೆಗೆ ಹುಣಸೆಬೀಜದ ಸರಿ, ಚಾಕುವಿನ ಹಿಡಿಗೆ ಅರಗು. ನಾನು ಒಮ್ಮೆ ಗಾಳಿಪಟಕ್ಕೆ ಸರೇಸು ಬಳಿದುಕೊಂಡು ಮನೆಗೆ ಹೋದಾಗ ಅವ್ವ ಕಿರುಚಿದ್ದು ನಿನ್ನ ಹಿತ್ತಲಿಗೂ ಕೇಳಿತ್ತು. ಜೈನರ ಮನೆಯೊಳಗೆ ದನದ ತೊಗಲಿನದು ಬಂತು ಅಂತ ನನ್ನನ್ನು ಬಾವಿಕಟ್ಟೆಗೆ ಎಳೆದೊಯ್ದು ತಲೆಮೇಲೆ ನೀರು ಸುರಿದಳು. ಮರುದಿನ ನೋಡಿದರೆ ನಿನ್ನ ಅಂಟಿನ ಗಡಿಗೆಗಳ ಸಾಲಿನಲ್ಲಿ ಒಂದು ಹೊಸ ಗಡಿಗೆ, ನನ್ನ ಹೆಸರಿನದು. "ಇದು ಜಿನ್ನೀ ಗಡಿಗಿ. ಇದರಾಗ ಬರೇ ಹಿಟ್ಟ ಐತಿ. ಆ ಕಡೆ ಗಡಿಗಿ ಮುಟ್ಟಿದಿ ಅಂದ್ರ ಕೈಮ್ಯಾಲೆ ಕೊಡ್ತೀನಿ ನೋಡು ಪೋರಿ" ಅಂದೆ. ಅವ್ವನಿಗಿಂತ ನೀನೇ ಕಟ್ಟುನಿಟ್ಟು.

ಈ ವರ್ಷ ಶ್ರಾವಣದ ಕೊನೆಗೆ ನಮ್ಮವರ ಅಕ್ಕ ಪದ್ದಕ್ಕ ಕೊಲ್ಹಾಪುರದಿಂದ ಬಂದಳು. ಆಕೆಯ ಸ್ವಭಾವ ನಿನಗೆ ಗೊತ್ತಿಲ್ಲ, ಪುಣ್ಯವಂತೆ ನೀನು. ಅಡಿಗೆಮನೆಯಲ್ಲಿ ಭರಣಿ ಎತ್ತಿ ತಿರುವಿ ನೋಡಿ, "ಇದಕ್ಕ ಯಾರ ಹಚ್ಚ್ಯಾರ?" ಅಂತ ಕೇಳಿದಳು. ಅತ್ತೆ ನಿನ್ನ ಹೆಸರು ಹೇಳಿದರು.

"ಮರಾಠರಾಕಿ? ಹಂಗಾರ ಮುಗೀತ ಬಿಡು ಅವ್ವಾ. ನಮ್ಮ ಊರಾಗ ಚೀನೀದಕ್ಕ ತತ್ತೀ ಬಿಳೇದು, ಸುಣ್ಣ ಕಲಸಿ ಹಚ್ಚ್ತಾರ. ಆಕೀ ಮನ್ಯಾಗ ಕೋಳಿ ಅದಾವೋ ಇಲ್ಲೋ?"

ಕೋಳಿ ಇದ್ದವು. ಅದನ್ನು ನಾನೇ ಹಿಂದೆ ನಗುನಗುತ್ತ ಹೇಳಿದ್ದೆ, ನಿನ್ನ ಹುಂಜ ನನ್ನ ಲಂಗ ಕಚ್ಚಿ ಎಳೆದ ಕತೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಪದ್ದಕ್ಕ ಅಷ್ಟು ಹೇಳಿ ಎಲೆ ಅಡಿಕೆ ಹಾಕಿಕೊಂಡು ಹೊರಗೆ ಹೋದಳು.

ಅವತ್ತು ಸಂಜೆಯೇ ಅತ್ತೆ ತಾಟು ಸರಿಸಿದರು. "ಏನ ಹಚ್ಚ್ಯಾಳ ಅಂತ ಖರೇ ಗೊತ್ತಾಗೂತನಕ ನನಗ ಈ ಮನೀ ಅಡಿಗಿ ಬ್ಯಾಡ. ಹುಟ್ಟಿದಾಗಿಂದ ಕಾಯ್ಕೊಂಡ ಬಂದ ನೇಮ, ಇಷ್ಟ ವರ್ಷ ದಿನಾ ಉಪ್ಪಿನಾಗ ತತ್ತಿ ತಿಂದಿದ್ರ ನಾ ಏನ ಮಾಡ್ಲಿ?" ಬೇರೆ ಉಪ್ಪು ತರಿಸಿದೆ, ಬೇರೆ ಗಡಿಗೆ ಇಟ್ಟೆ. ಕೇಳಲಿಲ್ಲ. ಒಂದು ಹೊತ್ತು ಒಂದು ಹಿಡಿ ಸಪ್ಪೆ ಅನ್ನ, ಅದೂ ಒಮ್ಮೊಮ್ಮೆ ಹಾಗೇ ಉಳಿಯುತ್ತಿತ್ತು. ಪ್ರಾಯಶ್ಚಿತ್ತ ಅನ್ನುತ್ತಿದ್ದರು. ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ವೈದ್ಯರು ನಾಡಿ ಹಿಡಿದು, ಈ ವಯಸ್ಸಿಗೆ ಹೀಗೆಯೇ ನಡೆದರೆ ಭಾದ್ರಪದದ ದಶಲಕ್ಷಣ ಪರ್ವ ಮುಗಿಯುವ ತನಕ ತಡೆಯಲಾರರು ಅಂದರು. ನಮ್ಮವರು ನನ್ನ ಮುಖ ನೋಡಿದರು. ನಾನು ಯಾರ ಮುಖ ನೋಡಲಿ? ಹೇಳಬೇಕಾದವಳು ನೀನು, ಹೋದ ಮಾಗಿಯಲ್ಲೇ ಜ್ವರ ಬಂದು ಈ ಲೋಕದಿಂದಲೇ ಎದ್ದು ಹೋಗಿದ್ದೆ. ಆ ದಿನಗಳಲ್ಲಿ ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತು ಅಂದರೆ… ಇರಲಿ, ಈಗ ಹೋಯಿತು.

ಬಾಬುವಿಗಾದರೂ ಗೊತ್ತಿರಬಹುದು ಅಂತ ಖಾನಾಪುರಕ್ಕೆ ಹೋದೆ. ನಿನ್ನ ಮಗ ನಿನ್ನ ಹಿತ್ತಲಲ್ಲೇ ಚರಕಾ ಮಾಡುತ್ತ ಕೂತಿದ್ದ. ಈಗ ಎಲ್ಲರಿಗೂ ಚರಕಾ ಬೇಕಂತೆ, ಬಾಗಿಲು ಕೇಳುವವರಿಲ್ಲವಂತೆ. ನಾನು ಕೇಳಿದ್ದಕ್ಕೆ ಉಳಿ ಕೆಳಗಿಟ್ಟು, "ಆಯಿ ಚೀನೀದಕ್ಕ ತತ್ತಿ, ಸುಣ್ಣಾನ ಹಚ್ಚತಿದ್ಲು ಅಕ್ಕಾ, ಖರೇ ಹೇಳಬೇಕಂದ್ರ. ಕ್ಯಾಂಪಿನ ಸಾಹೇಬ್ರ ಕಪ್ಪು ಬಶಿ ಎಲ್ಲಾ ಹಂಗ ಹಚ್ಚ್ಯಾಳ. ನಿಮ್ಮ ಭರಣಿಗೆ ಏನ ಹಚ್ಚಿದ್ಲೋ, ನಾ ಆವಾಗ ಪಾರಿಶ್ವಾಡದಾಗ ಕೆಲಸಕ್ಕ ಹೋಗಿದ್ದೆ" ಅಂದ. ಸುಳ್ಳು ಹೇಳಲು ಬಾರದವನನ್ನು ಯಾಕೆ ಹೆತ್ತೆ? ಅವನ ಹೆಂಡತಿ ಸುಂದ್ರಾ ಅವಲಕ್ಕಿ ಕೊಟ್ಟಳು. ಅದನ್ನು ಸೆರಗಿಗೆ ಕಟ್ಟಿಕೊಂಡು ಎದ್ದೆ.

ರೈಲಿನಲ್ಲಿ ವಾಪಸು ಬರುವಾಗ, ಅತ್ತೆಗೆ ಏನು ಹೇಳುವುದು ಅಂತ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಆಗ ನಿನ್ನ ಬೈಗುಳವೊಂದು ನೆನಪಾಯಿತು. ಯಾರೋ ಬೇರೆಯವರು ಮೆತ್ತಿ ಕೆಡಿಸಿದ ಒಂದು ಬಶಿಯ ಎದುರು ಕೂತು ನನಗೆ ಹೇಳಿದ್ದೆ: "ಹಚ್ಚೂದು ಯಾರ ಬೇಕಾದ್ರೂ ಹಚ್ಚ್ತಾರ. ಬಿಡಿಸೂದ ಮೊದಲ ಕಲಿ ಜಿನ್ನೀ. ತಣ್ಣೀರಿಗೆ ಬಿಟ್ರ ಅದು ಖಳಿ. ಬಿಸಿನೀರಿನ ಅರಬಿ ಸುತ್ತಿದಾಗ ಬಿಟ್ರ ಸರೇಸು. ಬಿಸಿ ಉಸುಕಿನಾಗ ಬೆವತು ಬಿಟ್ರ ರಾಳ. ತತ್ತಿ ಮಾತ್ರ ಬೆಂಕಿ ಕಂಡಷ್ಟೂ ಬಿಗೀತೈತಿ. ಅದನ್ನ ಒಡೀಬೇಕ, ಬ್ಯಾರೆ ದಾರಿ ಇಲ್ಲ." ಹಾಗಾದರೆ ಕೇಳಬೇಕಾದದ್ದು ಬಾಬುವನ್ನಲ್ಲ, ಭರಣಿಯನ್ನೇ. ಬೆಳಗಾಂವಿ ಬರುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಇದ್ದಲಿನ ಶೇಗಡಿ ಹೊತ್ತಿಸಿದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಎದುರಿಗೇ ಮಣೆ ಹಾಕಿಸಿಕೊಂಡರು. "ನನ್ನ ಕಣ್ಣ ಮುಂದ ಮಾಡು. ಆಮ್ಯಾಲ ಸಮಾಧಾನದ ಮಾತ ಹೇಳಬ್ಯಾಡ" ಅಂದರು. ಮೊದಲು ತಣ್ಣೀರಿನ ಬಟ್ಟೆ ಸುತ್ತಿದೆ, ಏನೂ ಆಗಲಿಲ್ಲ. ಬಿಸಿನೀರಿನ ಬಟ್ಟೆ ಸುತ್ತಿ ತೆಗೆದೆ, ಗೆರೆ ಅಲುಗಲಿಲ್ಲ. ಅತ್ತೆಯ ತುಟಿ ಅಲುಗುತ್ತಿತ್ತು, ಮಂತ್ರ ಹೇಳುತ್ತಿದ್ದರೋ ನನ್ನನ್ನು ಶಪಿಸುತ್ತಿದ್ದರೋ. ಉಳಿದದ್ದು ಉಸುಕು. ಕಬ್ಬಿಣದ ಬೋಗುಣಿಯಲ್ಲಿ ಉಸುಕು ಹಾಕಿ, ಸಣ್ಣ ಕೆಂಡದ ಮೇಲಿಟ್ಟು, ಭರಣಿಯನ್ನು ಅಡ್ಡ ಮಲಗಿಸಿದೆ. ಬಿಸಿ ಜಾಸ್ತಿಯಾದರೆ ಚೀನಿಯೇ ಸಿಡಿಯುತ್ತದೆ ಅಂತ ನೀನು ಹೇಳಿದ್ದಕ್ಕೆ, ಕೂಸನ್ನು ಹೊರಳಿಸಿದ ಹಾಗೆ ಹೊರಳಿಸುತ್ತ ಕೂತೆ. ನಮ್ಮವರು ಹಿಂದೆ ನಿಂತು, "ಅವ್ವನ ತವರಮನೀದು, ಒಡದ್ರ ಏನ ಗತಿ?" ಅಂದರು. ನಾನು ಅವರ ಕಡೆ ತಿರುಗಿಯೂ ನೋಡಲಿಲ್ಲ. ಬಿಗಿಯುತ್ತದೋ, ಬಿಡುತ್ತದೋ?

ಮೊದಲು ವಾಸನೆ ಬಂತು, ಮೌಶಿ. ಆಮೇಲೆ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಹನಿ ಬೆವರಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೂಗು ಎತ್ತಿ, "ಇದು ರಾಳ ಅಲ್ಲೇನ? ಬಸದ್ಯಾಗ ಧೂಪಕ್ಕ ಹಾಕ್ತಾರಲ್ಲ, ಅದ" ಅಂದರು. ನಾನು ಕೈಗೆ ಅರಿವೆ ಸುತ್ತಿಕೊಂಡು ಮೆಲ್ಲಗೆ ಎಳೆದೆ. ಹೋಳು ಮೇಣದ ಹಾಗೆ ಮೆತ್ತಗೆ ಬಿಟ್ಟುಕೊಂಡು ಬಂತು. ಅಂಚಿನಲ್ಲಿ ಕೆಂಪು ಪುಡಿ, ನಿಮ್ಮ ಖಾನಾಪುರದ ಹಂಚು ಅರೆದದ್ದು. ಮರದ ರಾಳ, ಹಂಚಿನ ಪುಡಿ, ಅಷ್ಟೇ. ಸುಣ್ಣವಿಲ್ಲ, ತತ್ತಿಯಿಲ್ಲ. ನಾನು ಅಲ್ಲೇ ಅಂಗಳದಲ್ಲಿ ಕಾಲು ಚಾಚಿ ಕೂತು ಅತ್ತುಬಿಟ್ಟೆ. ಇಷ್ಟು ದಿನ ಹೊತ್ತ ಕಲ್ಲು ಇಳಿದ ಹಾಗಾಯಿತು. ನಮ್ಮವರು ನನಗೆ ನೀರು ತರಲು ಓಡಿದರು, ಮದುವೆಯಾದ ಮೇಲೆ ಮೊದಲ ಸಲ.

ಊರಿಗೆಲ್ಲ ತತ್ತಿ ಹಚ್ಚಿದವಳು ನಮ್ಮದಕ್ಕೆ ಮಾತ್ರ ರಾಳ ಯಾಕೆ ಹಚ್ಚಿದೆ? ಮಳೆಗಾಲದಲ್ಲಿ ಉಪ್ಪು ನೀರು ಬಿಡುತ್ತದೆ ಅಂತಲೋ? ಆದರೆ ತತ್ತಿ ಸುಣ್ಣವೂ ನೀರಿಗೆ ಹೆದರುವುದಿಲ್ಲ ಅಂತ ನೀನೇ ಹೇಳಿದ್ದೆಯಲ್ಲ. ಹಿತ್ತಲಲ್ಲೇ ತತ್ತಿ ಇಟ್ಟುಕೊಂಡು, ರಾಳ ಹುಡುಕಿ, ಹಂಚು ಕುಟ್ಟಿ, ಸೋಸಿ, ಕಾಸಿ… ಯಾರೂ ಹೇಳಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಮಾಡಿದ ಮೇಲೆ ಒಂದು ಮಾತು ಆಡಿಯೂ ತೋರಿಸಲಿಲ್ಲ. ನಿನ್ನ ಕೈ ಹಿಡಿದುಕೊಂಡು ಇದನ್ನು ಕೇಳಬೇಕೆಂದು ಎಷ್ಟು ಆಸೆಯಾಗುತ್ತದೆ ಗೊತ್ತಾ?

ಅವತ್ತು ಹೊತ್ತು ಮುಳುಗುವ ಮೊದಲೇ ಅತ್ತೆ "ಹಸದೀನಿ" ಅಂದರು. ಬಿಸಿ ಅನ್ನ, ಬೇಳೆ ಸಾರು ಬಡಿಸಿದೆ. ತಾವೇ ಕಲಸಿಕೊಂಡರು. ಮೊದಲ ತುತ್ತು ನುಂಗಿ ನನ್ನ ಕಡೆ ನೋಡಿ, "ಉಪ್ಪ ಕಡಿಮಿ ಆಗೇತಿ" ಅಂದರು. ನಾನು ನಕ್ಕಿದ್ದಕ್ಕೆ ಅವರಿಗೆ ಸಿಟ್ಟು ಬಂತು. ಆ ಸಿಟ್ಟು ಕಂಡು ನನಗೆ ಇನ್ನೂ ಸಮಾಧಾನವಾಯಿತು.

ಭರಣಿಯನ್ನು ಮತ್ತೆ ಹಚ್ಚಿದ್ದು ನಾನೇ. ಬಿಸಿ ಮಾಡಿದ ಚಾಕುವಿನಿಂದ ಹಳೆಯ ರಾಳ ಕೆರೆದೆ, ಯಾಕೆಂದರೆ ಹಳೆಯದರ ಮೇಲೆ ಹೊಸದು ಹಚ್ಚಿದರೆ ನೀನು ಮೇಲಿಂದ ಇಳಿದು ಬರುತ್ತಿದ್ದೆ. ಎರಡೂ ಅಂಚು ಬೆಚ್ಚಗೆ ಮಾಡಿ, ತೆಳ್ಳಗೆ ಬಳಿದು, ಹುರಿಯಿಂದ ಬಿಗಿದು, ಉಸುಕಿನಲ್ಲಿ ನಿಲ್ಲಿಸಿದೆ. ಭರಣಿಗಿಂತ ಮೊದಲು ನನ್ನ ಎರಡು ಬೆರಳು ಅಂಟಿಕೊಂಡವು. ಅತ್ತೆಯೇ ಕೊಬ್ಬರಿ ಎಣ್ಣೆ, ಬೂದಿ ಹಾಕಿ ತಿಕ್ಕಿ ಬಿಡಿಸಿದರು. "ನಿನ್ನ ಮೌಶಿ ನಿನಗ ಅರ್ಧಾನ ಕಲಿಸ್ಯಾಳ" ಅಂದರು. ಗೆರೆ ಸ್ವಲ್ಪ ಸೊಟ್ಟಗಿದೆ. ನೀನು ನೋಡಿದ್ದರೆ ಬಿಚ್ಚಿಸಿ ಮತ್ತೆ ಹಚ್ಚಿಸುತ್ತಿದ್ದೆ.

ಪರ್ವ ಮುಗಿದು ಕ್ಷಮಾವಣಿ ಬಂತು. ನಮ್ಮ ಜನರೆಲ್ಲ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮನ ನೋಯಿಸಿದ್ದಕ್ಕೆ ಕ್ಷಮೆ ಕೇಳುವ ದಿನ. ಅತ್ತೆ ಓಣಿಯನ್ನೆಲ್ಲ ಮುಗಿಸಿ ಬಂದು ಪಡಸಾಲೆಯಲ್ಲಿ ಕೂತು, "ಒಂದ ಮನಿ ಉಳದೈತಿ" ಅಂದರು.

"ಯಾರದ್ರಿ?"

"ಖಾನಾಪುರದ್ದು. ಆಕೀ ಬಗ್ಗೆ ಮನಸಿನಾಗ ಏನೇನೋ ಅಂದೀನಿ. ಆಕಿ ಸತ್ತಾಳಂತ ಬಿಡಾಕ ಬರೂದಿಲ್ಲ."

ಮರುದಿನ ನಾವಿಬ್ಬರೂ ರೈಲಿಗೆ ಹೋದೆವು. ನಿನ್ನ ಹೊಸ್ತಿಲಲ್ಲಿ ಅತ್ತೆಯನ್ನು ನೋಡಿ ಬಾಬು ಉಳಿ ಬಿಟ್ಟು ಎದ್ದು ನಿಂತ. ಅತ್ತೆ ಅವನಿಗೆ ಕೈಮುಗಿದರು. "ನಿಮ್ಮವ್ವನ ಮ್ಯಾಲೆ ಸಂಶೇ ಪಟ್ಟಿದ್ದೆಪಾ. ತಪ್ಪಾತು. ಆಕೀ ಬದಲಿ ನೀವ ಕ್ಷಮಾ ಮಾಡ್ರಿ." ಅವನು ಅಳತೊಡಗಿದ. ಅತ್ತೆ ನನಗೆ, "ಆಕೀಗೂ ನೀ ಹೇಳು, ನಿನಗ ಬರಿಯಾಕ ಬರತೈತಲ್ಲ" ಅಂದರು. ಅದಕ್ಕೇ ಈ ಕಾಗದ. ಹೇಳಿದ್ದೇನೆ, ಮೌಶಿ.

ಇನ್ನೊಂದು ಸುದ್ದಿ ಇದೆ. ನಮ್ಮ ಅತ್ತೆ ಜೈನರಲ್ಲದವರ ಮನೆಯಲ್ಲಿ ಈ ಜನ್ಮದಲ್ಲಿ ಒಂದು ಹನಿ ನೀರು ಬಾಯಿಗೆ ಹಾಕಿದವರಲ್ಲ. ಹೊರಡಲು ಎದ್ದವರು ಮತ್ತೆ ನಿನ್ನ ಕಟ್ಟೆಯ ಮೇಲೆ ಕೂತರು. ಸುಂದ್ರಾಳ ಕಡೆ ತಿರುಗಿ, "ನೀರ ಕೊಡವಾ" ಅಂದರು. ಸುಂದ್ರಾ ಹೆದರಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಕೆ ತಂಬಿಗೆ ಬೆಳಗಿ ತುಂಬಿ, ಲೋಟದ ಜೊತೆ ತಂದಳು. ಅತ್ತೆ ನಮ್ಮ ನೇಮದಂತೆ ಸೊಂಟದಿಂದ ನೀರು ಸೋಸುವ ಬಟ್ಟೆ ತೆಗೆದು ಲೋಟದ ಬಾಯಿಗೆ ಹಾಸಿದರು. ಸುಂದ್ರಾ ಸುರಿದಳು. ಅತ್ತೆ ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಲೋಟವನ್ನು ಮತ್ತೆ ಮುಂದೆ ಚಾಚಿದರು.

"ಇನ್ನೀಟ ಹಾಕವಾ."

ನಿನ್ನ
ಜಿನ್ನಿ