ಕೇದಗೆಕೇರಿ ಶಾಲೆಯ ಬಾವಿ

ತೇಲೂರು, ನೆರಳಿಲ್ಲದ ದಿನ ಕಳೆದು ಹನ್ನೆರಡನೇ ದಿನ, 2361

ಪ್ರಣಮ್ಯಾ ಮೊಗೇರ, ಐದನೇ ತರಗತಿ, ಕೇದಗೆಕೇರಿ ಶಾಲೆ, ಇವರಿಗೆ.

ಲೆಕ್ಕಕ್ಕೆ ನೀವು ನನಗಿಂತ ಮುನ್ನೂರು ವರ್ಷಕ್ಕೂ ಹೆಚ್ಚು ದೊಡ್ಡವರು. ಆದರೆ ಆ ಚಿತ್ರ ಬರೆದಾಗ ನಿಮಗೆ ಹತ್ತು ವರ್ಷ, ನನಗೀಗ ಐವತ್ತೊಂದು. ಹಾಗಾಗಿ ‘ನೀನು’ ಎನ್ನುತ್ತೇನೆ, ಬೇಸರ ಬೇಡ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಬಹುದು. ಅದಕ್ಕೂ ಕ್ಷಮೆ ಇರಲಿ. ಈ ಕಾಗದ ನಿನ್ನನ್ನು ಮುಟ್ಟುವ ದಾರಿ ಯಾವುದೆಂದು ನನಗೆ ತಿಳಿಯದು.

ನನ್ನ ಹೆಸರು ಶೇವಂತಿ. ತೇಲೂರಿನ ಭೂಪಟಗಳನ್ನು ಕಾಯುವುದು ನನ್ನ ಕೆಲಸ. ತೇಲೂರು ಅಂದರೆ ನೂರ ನಲವತ್ತು ಮನೆಗಳನ್ನು ಹೊತ್ತು ಕರಾವಳಿಯ ಉದ್ದಕ್ಕೂ ತೇಲುವ ಊರು. ಇಲ್ಲಿ ಹುಟ್ಟಿದ ಮಕ್ಕಳು ನೆಲವೇ ಚಲಿಸುತ್ತದೆ ಎಂದು ನಂಬಿ ಬೆಳೆಯುತ್ತಾರೆ. ಎದ್ದು ನೋಡಿದರೆ ನಿನ್ನೆಯ ಗುಡ್ಡ ಇರುವುದಿಲ್ಲ, ಬೇರೊಂದು ಗುಡ್ಡ ಬಂದು ನಿಂತಿರುತ್ತದೆ. ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಎಂದು ಪಾಠ ಮಾಡಿದರೆ ಅವರಿಗೆ ಆಶ್ಚರ್ಯವಾಗುವುದಿಲ್ಲ. ಅದು ಓರೆಯಾಗಿ ತಿರುಗುತ್ತದೆ ಎಂದರೆ ಮಾತ್ರ ಕಣ್ಣು ಅಗಲಿಸುತ್ತಾರೆ. ಆ ಓರೆಯಿಂದಲೇ ವರ್ಷಕ್ಕೆ ಎರಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು, ನಮ್ಮ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಅದು ನೆರಳಿಲ್ಲದ ದಿನ. ಅದು ಯಾವ ತಾರೀಕಿಗೆ ಬಂತು ಎಂಬುದರ ಮೇಲೆ ನಾವು ಎಷ್ಟು ಉತ್ತರಕ್ಕಿದ್ದೇವೆ ಎಂದು ತಿಳಿಯುತ್ತೇವೆ. ಆ ಮಧ್ಯಾಹ್ನ ಯಾರೂ ಕೆಲಸ ಮಾಡುವುದಿಲ್ಲ. ಇಡೀ ಊರು ಅಂಗಳದಲ್ಲಿ ನೆರಳು ಕಳೆದುಕೊಂಡು ಸುಮ್ಮನೆ ನಿಂತಿರುತ್ತದೆ.

ಈ ವರ್ಷ ನಮಗೆ ನೀರು ಸಾಲದು. ಮಳೆಗೆ ಇನ್ನೂ ಇಪ್ಪತ್ತೈದು ದಿನವಿದೆ, ತೊಟ್ಟಿಯಲ್ಲಿ ಒಂಬತ್ತು ದಿನದ್ದಿದೆ. ನಿಮ್ಮ ಕಾಲದ ಕರಾವಳಿ ಈಗ ಸಮುದ್ರದಡಿ ಇದೆ. ಅಲ್ಲಿಯ ಕೆಲವು ಹಳೆಯ ಬಾವಿಗಳಲ್ಲಿ ಗುಡ್ಡದ ಸಿಹಿನೀರು ಈಗಲೂ ಉಕ್ಕುತ್ತದೆ. ನಿಮ್ಮ ಕಾಲದ ಅಚ್ಚಿನ ಭೂಪಟದಲ್ಲಿ ಕೇದಗೆಕೇರಿ ಒಂದು ಚುಕ್ಕೆ ಮಾತ್ರ. ಚುಕ್ಕೆಯೊಳಗೆ ಬಾವಿ ಹುಡುಕಲಾಗದು. ಉಳಿದದ್ದು, ಯಾರೋ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ‘ನಮ್ಮ ಶಾಲೆಯ ಪರಿಸರ’ ಎಂಬ ನಿನ್ನ ಚಿತ್ರ. ನಡುವೆ ಶಾಲೆ, ಅದರ ಮುಂದೆ ಬಾವುಟದ ಕಂಬ, ಸಾಲಾಗಿ ನಿಂತ ಮಕ್ಕಳು, ಒಂದು ಕಪ್ಪೆ ಕೂತ ಬಾವಿ. ‘ಕಂಬದಿಂದ ಬಾವಿಗೆ 212 ಹೆಜ್ಜೆ’ ಎಂದು ಬರೆದಿದ್ದೀಯ. ಕೆಳಗೆ ಕೆಂಪು ಶಾಯಿಯಲ್ಲಿ ಜನವರಿ ಹನ್ನೆರಡರ ತಾರೀಕು, ಹತ್ತಕ್ಕೆ ನಾಲ್ಕು ಅಂಕ, ‘ಉತ್ತರ ದಿಕ್ಕು ಎಲ್ಲಿ?’ ಎಂಬ ಪ್ರಶ್ನೆ.

ನಾವು ಮಾಡಿದ ತಪ್ಪು ತೇಲುವವರು ಮಾತ್ರ ಮಾಡುವಂಥದು. ನಮ್ಮ ಭೂಪಟಗಳಲ್ಲಿ ಕಾಗದದ ಮೇಲ್ತುದಿ ಅಂದರೆ ‘ಮೂತಿದಿಕ್ಕು’, ಆ ದಿನ ಊರಿನ ಮುಂಭಾಗ ಮುಖ ಮಾಡಿದ ಕಡೆ. ನಾಲ್ಕಾಳು ಆಳದ ನೀರಿನಡಿ ನಿನ್ನ ಶಾಲೆಯ ಕಂಬದ ಕಟ್ಟೆ ಸಿಕ್ಕಿತು. ಅಲ್ಲಿಂದ ಅಭ್ಯಾಸಬಲದಲ್ಲಿ ನಿನ್ನ ಕಾಗದದ ಮೇಲ್ತುದಿಯೂ ಮೂತಿದಿಕ್ಕೇ ಎಂದು ಹಿಡಿದು ಮೂರು ದಿನ ಹುಡುಕಿದೆವು. ಕೆಸರು ನೀರು, ಕೈ ಚಾಚಿದಷ್ಟೇ ಕಾಣುತ್ತದೆ. ಮುಳುಗುವ ಕೆಲಸ ದುರ್ಗಯ್ಯನದು. ಸಿಹಿಯೋ ಉಪ್ಪೋ ನೋಡಲು ಬುಗ್ಗೆಯ ನೀರನ್ನು ಬಾಯಲ್ಲೇ ತುಂಬಿ ತರುವುದು ಅವನ ಮನೆತನದ ರೂಢಿ. ಮೂರು ದಿನವೂ ಮೇಲೆ ಬಂದು ಉಪ್ಪುನೀರು ಉಗುಳಿದ. “ಶೇವಂತಕ್ಕ, ನಿಮ್ಮ ಕಾಗದ ನೆನೆಸಿ ಕುಡಿದ್ರೆ ಇದಕ್ಕಿಂತ ಸಿಹಿ ಇರ್ತದೆ” ಅಂದ.

ನಿನ್ನೆ ಮತ್ತೆ ಚಿತ್ರ ಹಿಡಿದು ಕೂತೆ. ಕಂಬದ ಬುಡದಿಂದ ಒಂದು ಬೂದು ಗೆರೆ ಎಳೆದಿದ್ದೀಯ. ಇಷ್ಟು ದಿನ ಅದನ್ನು ಕಾಲುದಾರಿ ಅಂದುಕೊಂಡಿದ್ದೆ. ಅದು ಕಂಬದ ನೆರಳು.

ದುರ್ಗಯ್ಯ ಒಪ್ಪಲಿಲ್ಲ. “ಬೆಳಿಗ್ಗೆದೋ ಸಂಜೆದೋ ನಿಮಗೆ ಹೆಂಗೆ ಗೊತ್ತು?”

“ಮಕ್ಕಳು ಸಾಲಾಗಿ ನಿಂತಿದಾವೆ ನೋಡು. ಶಾಲೆ ಬಿಟ್ಟ ಮೇಲೆ ಯಾವ ಮಕ್ಕಳು ಸಾಲಲ್ಲಿ ನಿಲ್ತಾವೆ ಮಾರಾಯ?”

ಅವನು ನಕ್ಕ. ಉಳಿದದ್ದು ಲೆಕ್ಕ. ಜನವರಿಯ ಬೆಳಿಗ್ಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ನಿನ್ನ ಬಾವಿ ಆ ನೆರಳಿನಿಂದ ಬಲಕ್ಕೆ ಕಾಲು ಸುತ್ತು, ಅಂದರೆ ಈಶಾನ್ಯಕ್ಕೆ, ಗುಡ್ಡದ ಕಡೆಗೆ. ನಾವು ಹುಡುಕಿದ್ದು ತೆರೆದ ಕಡಲಿನ ಕಡೆ. ಹೆಜ್ಜೆಯ ಅಳತೆಗೆ ಊರಿನ ಹತ್ತು ವರ್ಷದ ಮಕ್ಕಳನ್ನೆಲ್ಲ ಕರೆದು ಅಂಗಳದ ಹಲಗೆಗಳ ಮೇಲೆ ಇನ್ನೂರ ಹನ್ನೆರಡು ಹೆಜ್ಜೆ ನಡೆಸಿದೆವು. ಏಳು ಮಕ್ಕಳು ಮೆಲ್ಲಗೆ, ಬಾಯಲ್ಲೇ ಎಣಿಸುತ್ತ ನಡೆದರು. ನೀನು ನಡೆದ ನೆಲ ಅವರ ಕಾಲಡಿಯ ನೀರಿನ ತಳದಲ್ಲಿತ್ತು. ಏಳರ ಸರಾಸರಿ ತೆಗೆದು ಹಗ್ಗ ಕತ್ತರಿಸಿದೆವು.

ಆ ನೆರಳನ್ನು ಯಾಕೆ ಬರೆದೆಯೋ ಗೊತ್ತಿಲ್ಲ. ಪೆನ್ಸಿಲ್ ಮಿಕ್ಕಿತ್ತೇನೋ. ಅಂಕದ ಕೆಳಗೆ ‘ಸರಿಪಡಿಸಿ ಮತ್ತೆ ಬರೆದು ತಾ’ ಎಂದೂ ಇದೆ. ನಿನ್ನ ಮೇಡಂ ಹೇಳಿದ್ದು ಸರಿ, ಭೂಪಟಕ್ಕೆ ಉತ್ತರ ದಿಕ್ಕು ಬೇಕು. ಹೊಸದರಲ್ಲಿ ಬಾಣ ಹಾಕು. ಆದರೆ ಹಳೆಯದನ್ನು ಹರಿಯಬೇಡ, ಅಮ್ಮನ ಕೈಗೆ ಕೊಟ್ಟುಬಿಡು. ಇಷ್ಟೇ ನನ್ನ ಕೋರಿಕೆ.

ದುರ್ಗಯ್ಯ ನೀರಿಗಿಳಿದ ಮೇಲೆ ಇದನ್ನು ಬರೆಯಲು ಕೂತೆ. ಉಸಿರಿಗೆ ಮೇಲೆ ಬರುವುದು, ಮತ್ತೆ ಮುಳುಗುವುದು, ಹೀಗೆ ಒಂದು ಗಂಟೆ ಕಳೆಯಿತು. ಅಂಚಿನಲ್ಲಿ ಊರೆಲ್ಲ ನಿಂತಿದೆ. ಹಗ್ಗ ಈಗ ಎರಡು ಸಲ ಅಲುಗಿತು. ಅವನ ತಲೆ ಕಾಣಿಸಿತು. ಕೆನ್ನೆ ಎರಡೂ ಉಬ್ಬಿವೆ. ಸಿಕ್ಕಿತೇ ಎಂದು ನಾನೇ ಕೂಗಿ ಕೇಳಿದೆ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಯಾಕೆಂದರೆ ಅವನು ಮೊದಲು ನುಂಗಬೇಕಿತ್ತು.